ಏಳಕ್ಷರದ ಇಸವಿ

ಯಾರಾದರೂ ಒಂದು ಇಸವಿ ಹೇಳಿದರೆ ಸಾಕು, ಕಲ್ಲಜ್ಜನ ಹೆಬ್ಬೆರಳು ಕೋಟಿನ ಜೇಬಿನೊಳಗೇ ಅದನ್ನು ರೋಮನ್ ಅಂಕಿಗಳಲ್ಲಿ ಗೀಚತೊಡಗುತ್ತಿತ್ತು. ಕಟ್ಟಡಗಳಿಗೆ ಶಿಲಾಫಲಕ ಕೆತ್ತುವುದು ಅವರ ಕಸುಬು. ದಶಕಗಳ ಕಾಲ ನೆಲಕ್ಕೆ ಕುಳಿತು ಉಳಿ ಹಿಡಿದ ಫಲವಾಗಿ ಮಂಡಿಗಳು ಮುಷ್ಕರ ಹೂಡಿದ್ದವು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಎದುರಿನ ಗೋಡೆಯನ್ನು ಪರಿಶೀಲಿಸುವವರಂತೆ ನಟಿಸಿ, ಮತ್ತೆ ಮುಂದೆ ಸಾಗುತ್ತಿದ್ದರು. ಕರಿಕೋಟು ಕಲ್ಲಿನ ಧೂಳಿನಿಂದ ಬೆಳ್ಳಗಾಗಿತ್ತು. ಕೊಡವಿಕೊಳ್ಳಿ ಎಂದರೆ, “ಮತ್ತೆ ಬಂದು ಕೂರುತ್ತೆ. ಪಾಪ, ಅದಕ್ಯಾಕೆ ಓಡಾಟ?” ಎನ್ನುತ್ತಿದ್ದರು.

ನಾನಾಗ ಗ್ರಂಥಾಲಯದಲ್ಲಿ ಹಂಗಾಮಿ ಸಹಾಯಕಿ. ಕೆಲಸ ಕಾಯಂ ಆಗುವುದು ಕಾರ್ಯದರ್ಶಿಗಳ ಒಂದು ಸಹಿಯ ಮೇಲೆ ನಿಂತಿತ್ತು. ಹೊಸ ಕಟ್ಟಡದ ಫಲಕಕ್ಕೆ ೧೯೯೯ನ್ನು ರೋಮನ್ನಿನಲ್ಲಿ ಬರೆದುಕೊಡಿ ಎಂದು ಅವರು ಹೇಳಿದಾಗ, ಎರಡು ಸಾವಿರಕ್ಕೆ ಒಂದು ಕಡಿಮೆ ತಾನೇ ಎಂದುಕೊಂಡು MIM ಎಂದು ಗೀಚಿದೆ. ಮೂರೇ ಅಕ್ಷರದಲ್ಲಿ ಮುಗಿಸಿದೆನೆಂದು ಬೀಗಿದೆ ಕೂಡ. ಫಲಕದ ಜೊತೆ ಕಲ್ಲಜ್ಜ ಬಂದಾಗ ಅದರ ಮೇಲಿದ್ದದ್ದು MCMXCIX. ಜೊತೆಗೆ ನನ್ನ ಚೀಟಿಯೂ ಬಂದಿತ್ತು.

“ಇವರು ಬರೆದದ್ದು ಮೂರಕ್ಷರ. ನೀವು ಏಳು ಕೆತ್ತಿದ್ದೀರಲ್ಲ?” ಎಂದರು ಕಾರ್ಯದರ್ಶಿಗಳು.

“ಏಳೇ ಸರಿ ಸಾರ್. ಈ ಹುಡುಗಿ ಮಾರನೇ ದಿನಾನೇ ಬಂದು ತಿದ್ದಿ ಹೋದ್ಳು. ಹಳೇ ಚೀಟಿ ಹರಿದುಹಾಕೋದು ನಾನೇ ಮರೆತೆ,” ಎಂದರು ಕಲ್ಲಜ್ಜ.

ಅವರು ಕಲ್ಲು ಕೆತ್ತುವ ಕೊಟ್ಟಿಗೆಯ ಹೊಸ್ತಿಲನ್ನು ನಾನು ತುಳಿದೇ ಇರಲಿಲ್ಲ. ಅಂದು ಸಂಜೆ ಮೊದಲ ಸಲ ಹೋಗಿ ಕ್ಷಮೆ ಕೇಳತೊಡಗಿದೆ.

“ಅದೆಲ್ಲ ಇರ್ಲಿ, ಕೂತ್ಕೊ. ನಾನು ಹೇಳಿದ ಸುಳ್ಳನ್ನ ಈಗ ನೀನು ನಿಜ ಮಾಡ್ಬೇಕು.”

ಒಂದು ವಾರ ಪಾಠ ನಡೆಯಿತು. ಚಿಕ್ಕದು ದೊಡ್ಡದರ ಬಲಕ್ಕಿದ್ದರೆ ಕೂಡಬೇಕು, ಎಡಕ್ಕಿದ್ದರೆ ಕಳೆಯಬೇಕು. ಆದರೆ I ಕಳೆಯುವುದು V ಮತ್ತು X ಇವೆರಡರಿಂದ ಮಾತ್ರ, ಸಾವಿರದ ಮುಂದೆ ಅದರ ಬೇಳೆ ಬೇಯದು. ಕೂಡುವ ಲೆಕ್ಕಕ್ಕೆ ನೆಲದ ಮೇಲೆ ಕಲ್ಲಿನ ಚಕ್ಕೆಗಳನ್ನು ಹರಡುತ್ತಿದ್ದರು. IXಕ್ಕೆ VI ಕೂಡಬೇಕೆಂದರೆ ಮೊದಲು IXನ್ನು ಬಿಚ್ಚಿ ಒಂದು V, ನಾಲ್ಕು I ಮಾಡಬೇಕು. ಆಮೇಲೆ VIರ ಚಕ್ಕೆಗಳನ್ನೂ ಸೇರಿಸಿ, ಐದು I ಎತ್ತಿ ಒಂದು V ಇಡು, ಎರಡು V ಎತ್ತಿ ಒಂದು X ಇಡು, ಉಳಿದದ್ದು XV. ತಪ್ಪಿದರೆ ಬೈಯದೆ ಚಕ್ಕೆಗಳನ್ನು ಕಲಸಿಬಿಡುತ್ತಿದ್ದರು.

ಕೆಲಸ ಕಾಯಂ ಆಯಿತು. ಈಗಲೂ ಆ ಫಲಕದ ಮುಂದೆ ಹಾದುಹೋಗುವಾಗ ನನ್ನ ನಡಿಗೆ ನಿಧಾನವಾಗುತ್ತದೆ. ಅದರಲ್ಲಿ ಉದ್ಘಾಟಿಸಿದವರ ಹೆಸರಿದೆ, ದಾನಿಗಳ ಹೆಸರಿದೆ, ಕೆತ್ತಿದವರದಿಲ್ಲ. ನಾನು ಅವರಿಗೆ ಋಣಿ. ಈ ಮಾತನ್ನು ಅವರಿದ್ದಾಗಲೇ ಹೇಳಬೇಕಿತ್ತು. ಕಸುಬಿನಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸದ ಇಂಥವರು, ತಪ್ಪು ಮಾಡಿದವರನ್ನು ಮಾತ್ರ ಕೈಬಿಡುವುದಿಲ್ಲ. ಯಾರ ಪಕ್ಕ ನಿಂತರೂ ಅವರು ನಿಲ್ಲುವುದು ಬಲಗಡೆಗೇ, ಕೂಡುವ ಕಡೆಗೆ.