ಬರೀ ಮೊಳೆ

ಎಸಿ ಮತ್ತೆ ಗೊರಕೆ ಹೊಡೆಯುತ್ತಿದೆ, ಹಿಮಾಯತ್‌ನಗರದ ಬಿಸಿಲೆಲ್ಲ ಕಿಟಕಿಯಾಚೆ, ಒಳಗೆ ನಾನು ಸ್ವೆಟರ್ ಹಾಕಿಕೊಂಡು ಹಸಿರು ಅಕ್ಷರದ ಪರದೆ ಮುಂದೆ, ಬೆನ್ನ ಹಿಂದೆ ನಮ್ಮ ಟೀಮ್ ಲೀಡರ್ ಹನುಮಂತರಾಯರು ಸೊರ್ ಸೊರ್ ಚಹಾ ಹೀರುತ್ತ — ಸುಹಾಸಿನಿ, ಇವತ್ತೂ ಬಿತ್ತಂದ್ರ ನಿನ್ನ ಪ್ರೋಗ್ರಾಂ ಚೆನ್ನೈ ಟೀಮಿಗೆ ಹೋಗ್ತೈತಿ ನೋಡವಾ — ಹೋಗಲು ಬಿಡುತ್ತೇನೆಯೇ, ಮೂರು ತಿಂಗಳು ಸಾಕಿದ ಕೂಸು, ಮಾಡುವುದಾದರೂ ಏನು ಅದು, ಮೇನ್‌ಫ್ರೇಮೆಂಬ ದೊಡ್ಡ ಕಂಪ್ಯೂಟರಿನೊಳಗೆ ಈಗ ಓಡುತ್ತಿರುವ ಒಂದೊಂದು ಜಾಬಿನ, ಅಂದರೆ ಕೆಲಸದ, ಮನೆಗೂ ಹೋಗಿ ಹೆಸರು ಓದಿಕೊಂಡು ಬರುವುದು, ಅಷ್ಟೇ, ಕಳೆದ ಮಂಗಳವಾರ ಅಷ್ಟೂ ಆಗಲಿಲ್ಲ, ಯಾರೂ ಇಲ್ಲದ ವಿಳಾಸಕ್ಕೆ ನುಗ್ಗಿ ಎಲ್ಲರೆದುರು ದಬಕ್ಕನೆ ಬಿತ್ತು, ಅಳು ಬಂದಿತ್ತು, ಸುಳ್ಳೇಕೆ ಹೇಳಲಿ, ಬುದ್ಧಿ ಬಂದದ್ದು ಭಾನುವಾರ, ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಅವ್ವನ ಜೊತೆ ಅಕ್ಕ ರೇಣುಕಾಳ ಮದುವೆ ಕಾರ್ಡು ಹಂಚುವಾಗ, ನಮಗೆ ಬೇಕಾದ ಗಾರ್ಡ್ ಮಾಣಿಕಪ್ಪನವರ ಹೆಸರಿನ ಬೋರ್ಡು ಕಂಡದ್ದೇ ತಡ ಚಪ್ಪಲಿ ಬಿಟ್ಟು ಸೀದಾ ಒಳಗೆ, ಅತ್ತೀ, ಕುಂಕುಮ ತಗೋರಿ ಎಂದು ಬಟ್ಟಲು ಚಾಚುತ್ತೇನೆ, ಬನಿಯನ್ನಿನಲ್ಲಿ ಊಟಕ್ಕೆ ಕೂತ ಯಾರೋ ಗಂಡಸು, ಎವರು ಕಾವಾಲಮ್ಮಾ, ಯಾರು ಬೇಕೆಂದು ತೆಲುಗಿನಲ್ಲಿ ಕೇಳುತ್ತಾನೆ, ಮಾಣಿಕಪ್ಪನವರಿಗೆ ವಾಡಿ ಜಂಕ್ಷನ್ನಿಗೆ ವರ್ಗವಾಗಿ ತಿಂಗಳಾಗಿದೆಯಂತೆ, ಬೋರ್ಡು ಬಿಚ್ಚಿಲ್ಲ, ಅವ್ವ ಬೀದಿಯುದ್ದಕ್ಕೂ ನಕ್ಕಳು, ಬೈದಳು — ಬೋರ್ಡ್ ನೋಡಿ ನುಗ್ಗತಾರೇನ, ಮೊದ್ಲ ಹೊರಗ ನಿಂತು ಕೂಗು, ಓ ಅಂದ್ರ ಹೋಗು, ಇಲ್ಲಂದ್ರ ಮುಂದಿನ ಮನಿ — ಪಕ್ಕದ ಬಾಗಿಲಿಗೆ ಬೋರ್ಡೂ ಇರಲಿಲ್ಲ, ಬರೀ ಮೊಳೆ, ಯಾರರ ಅದಾರೇನ್ರಿ, ಎರಡು ಸಲ ಕೂಗಿ ಅವ್ವ ಮುಂದೆ ನಡೆದಳು, ನಾನು ಆ ಮೊಳೆ ನೋಡುತ್ತ ನಿಂತೆ.

ಸೋಮವಾರ ಅವ್ವ ಹೇಳಿದ ಹಾಗೇ ಬರೆದೆ, ವಿಳಾಸ ಸೊನ್ನೆಯಾದರೆ ಹೊಸ್ತಿಲು ದಾಟಬೇಡ, ಹೆಸರಿಗೆ ಎರಡು ಜಾಗ, ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದು ನೋಡು, ಎರಡರಲ್ಲೂ ಇಲ್ಲವೇ, ಸಾಲು ಖಾಲಿ ಬಿಟ್ಟು ಮುಂದಿನ ಮನೆ, ಓದುತ್ತಿರುವಾಗಲೇ ಅವರು ಮನೆ ಬಿಟ್ಟರೋ, ಬೀಳದೆ ಮೆಲ್ಲಗೆ ಹಿಂದಕ್ಕೆ ಬಾ, ಈಗ ಬೆನ್ನ ಹಿಂದೆ ರಾಯರು — ಒತ್ತು ಮತ್ತ, ಏನ ಮುಹೂರ್ತ ನೋಡಾಕತ್ತೀಯೇನ — ಒತ್ತಿದೆ, ಹೆಸರುಗಳು ಬರುತ್ತಿವೆ, ಹತ್ತು, ಇಪ್ಪತ್ತು, ಸಂಬಳದ ಜಾಬು, ಟಿಕೆಟ್ಟಿನ ಜಾಬು, ನಲವತ್ತು, ನಲವತ್ತೊಂದು — ಹೆಸರಿಲ್ಲ, ಮಂಗಳವಾರ ಬಿದ್ದದ್ದು ಇಂಥಲ್ಲೇ, ಬೆನ್ನ ಹಿಂದೆ ಸೊರ್ ಸೊರ್ ನಿಂತಿತು — ಬಿತ್ತೇನ? — ಇಲ್ಲ, ನಲವತ್ತೆರಡು ಬಂತು, ನಲವತ್ತಮೂರು, ಓಡುತ್ತಿದೆ, ನನ್ನ ಕೂಸು ಓಡುತ್ತಿದೆ — ಭೇಷ್ ನಮ್ಮವ್ವ, ಚೆನ್ನೈದವರಿಗೆ ಬ್ಯಾಡ ಅಂತ ಹೇಳ್ತೀನಿ — ರಾಯರು ಹೆಸರು ಎಣಿಸುತ್ತಿದ್ದಾರೆ, ನನಗೆ ನಗು ತಡೆಯಲಾಗುತ್ತಿಲ್ಲ, ಕಣ್ಣು ಮಾತ್ರ ನಲವತ್ತೊಂದರ ಮೇಲೆ, ಖಾಲಿ ಸಾಲು, ಮುಚ್ಚಿದ ಬಾಗಿಲು, ಬಾಗಿಲ ಮೇಲೆ ಮೊಳೆ, ಬರೀ ಮೊಳೆ