ಪಿನ್ನು ಕಚ್ಚಿದ ಹಲ್ಲು

ಹಲ್ಲು ಕಟ್ಟುವವನಿಗೆ ಆ ಸೋಮವಾರ ಇದ್ದ ದೊಡ್ಡ ಕೆಲಸವೆಂದರೆ ಏನೂ ಮಾಡದೆ ಸುಮ್ಮನಿರುವುದು. ಅವನ ಬ್ಲಾಗು ನಡೆಸಿಕೊಡುವ ಕಂಪನಿಯವರು ತಿಳಿಸಿದ್ದರು: ಸಂಜೆ ಆರರೊಳಗೆ ‘ಮುಂದುವರಿಸಿ’ ಎಂಬ ಗುಂಡಿ ಒತ್ತದಿದ್ದರೆ ಹನ್ನೊಂದು ವರ್ಷ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಒತ್ತುವುದಿಲ್ಲ ಎಂದು ಅವನು ತೀರ್ಮಾನಿಸಿಯಾಗಿತ್ತು. ಕೈಯಾರೆ ಕೊಲ್ಲುವ ಪಾಪವೂ ಬೇಡ, ತಾನಾಗಿಯೇ ಹೋಗಲಿ.

ಬರೆದದ್ದಾದರೂ ಅಂಥ ಘನವಾದದ್ದೇನಲ್ಲ. ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ರೋಗಿಯ ಬಾಯಿಯ ಅಳತೆಯನ್ನು ಮೆತ್ತನೆಯ ಪೇಸ್ಟಿನಲ್ಲಿ ಒತ್ತಿ ತೆಗೆದು ಕಳಿಸುತ್ತಾರೆ. ಇವನು ಹಿಂದಿನ ಕೋಣೆಯಲ್ಲಿ ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾನೆ, ಅಚ್ಚಿಗೆ ಸರಿಯಾಗಿ ಹಲ್ಲು ಕಟ್ಟುತ್ತಾನೆ. ಅಚ್ಚಿನ ಮೇಲೆ ನಂಬರು ಬಿಟ್ಟರೆ ಹೆಸರಿಲ್ಲ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಬಾಯಿ ಕೈಯಲ್ಲಿ ಹಿಡಿದವನಿಗೆ ಅವುಗಳಲ್ಲಿ ಒಂದರ ನಗುವೂ ನೋಡಲು ಸಿಕ್ಕಿರಲಿಲ್ಲ. ಅದಕ್ಕೇ ಭಾನುವಾರ ಮಧ್ಯಾಹ್ನ ಕೂತು ಊಹಿಸಿ ಬರೆಯುತ್ತಿದ್ದ: ಈ ಬಾಯಿ ಎಡಗಡೆ ಮಾತ್ರ ಅಗಿದಿದೆ, ಈ ಬಾಯಿ ನಿದ್ದೆಯಲ್ಲೂ ಯಾರ ಮೇಲೋ ಹಲ್ಲು ಮಸೆದಿದೆ.

“ವಾರವೆಲ್ಲ ಕಂಡವರ ಬಾಯಲ್ಲಿ ಕೈಯಾಡಿಸಿದ್ದು ಸಾಲದೇನ್ರೀ? ಭಾನುವಾರನೂ ಅದೇ ಪುರಾಣ” ಎಂದು ಹೆಂಡತಿ ಮೊದಮೊದಲು ಗೊಣಗುತ್ತಿದ್ದಳು. ಬರುಬರುತ್ತಾ ಗೊಣಗಲಿಕ್ಕೂ ಅವಳಿಗೆ ಬೇಸರವಾಯಿತು.

ಎಷ್ಟು ಜನ ಓದಿದರೆಂದು ಬ್ಲಾಗಿನ ಮೂಲೆಯಲ್ಲೇ ತೋರಿಸುತ್ತಿತ್ತು. ಮೂರು. ಹೋದ ಸಲವೂ ಮೂರು, ಅದರ ಹಿಂದಿನ ಸಲವೂ ಮೂರು. ಅದರಲ್ಲಿ ಒಂದು ತಾನು, ಇನ್ನೊಂದು ತಪ್ಪುಗಿಪ್ಪು ಉಂಟೇನೋ ಎಂದು ಮತ್ತೆ ನೋಡುವ ತಾನೇ. ಮೂರನೆಯದು ದಾರಿ ತಪ್ಪಿ ಬಂದ ಯಾರೋ ಪುಣ್ಯಾತ್ಮ. ಕಣ್ಣು ಮಂಜಾಗುತ್ತಿತ್ತು, ಬೆರಳಿನ ಗಂಟುಗಳು ಹಿಡಿದುಕೊಳ್ಳುತ್ತಿದ್ದವು. ಗೋಡೆಗೆ ಹೇಳಿಕೊಂಡ ಹಾಗೆ ಎಷ್ಟು ವರ್ಷ ಅಂತ ಬರೆಯುವುದು? ಮೂರು ಭಾನುವಾರದಿಂದ ಏನೂ ಬರೆಯದೆ ಮಲಗಿದ್ದ. ನಿದ್ದೆ ಬಂದಿರಲಿಲ್ಲ, ಅದು ಬೇರೆ ಮಾತು.

ಹತ್ತೂವರೆಗೆ ಬಾಗಿಲಲ್ಲಿ ಚೀಟಿಯಕ್ಕ ನಿಂತಿದ್ದಳು. ಮುಂದಿನ ಮೇಜಿನಲ್ಲಿ ಕೂತು ರೋಗಿಗಳಿಗೆ ಚೀಟಿ ಬರೆದುಕೊಡುವವಳು. ಡಾಕ್ಟರಿಗೂ ಅವಳು ಚೀಟಿಯಕ್ಕನೇ.

“ಅಣ್ಣಾ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದಾರೆ.”

“ನನ್ನನ್ನಾ? ಡಾಕ್ಟರನ್ನ ಇರ್ಬೇಕು, ಸರಿಯಾಗಿ ಕೇಳು.”

“ನಿಮ್ಮನ್ನೇ. ಸ್ವಲ್ಪ ಬಿಸಿಯಾಗಿದಾರೆ. ತಪ್ಪು ನಂದೇ, ಬೈಬೇಡಿ.”

ಅವಳ ಹೆಗಲ ಹಿಂದಿನಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಊದಿದ ಕೆನ್ನೆ ಹಿಡಿದುಕೊಂಡು ಮುಂದೆ ಬಂದರು. “ದರ್ಜಿ ಅಂತ ಬರೆದವರು ನೀವೇನಾ?”

ಇವನಿಗೆ ತಲೆಬುಡ ತಿಳಿಯಲಿಲ್ಲ. ಚೀಟಿಯಕ್ಕ ಒಂದೇ ಉಸಿರಿಗೆ ಒಪ್ಪಿಸಿದಳು. “ಸೋಮವಾರ ಸೋಮವಾರ ನಿಮ್ಮ ಬ್ಲಾಗನ್ನ ಬೆಂಚಲ್ಲಿ ಕೂತವರಿಗೆ ಗಟ್ಟಿಯಾಗಿ ಓದ್ತೀನಿ ಅಣ್ಣಾ. ಹಲ್ಲುನೋವು ಇಟ್ಕೊಂಡು ಕಾಯೋರು, ಪಾಪ, ಹೊತ್ತು ಹೋಗ್ಬೇಕಲ್ಲ. ಹದಿನೈದಿಪ್ಪತ್ತು ಜನ ಇರ್ತಾರೆ. ಕೆನ್ನೆ ಹಿಡ್ಕೊಂಡು ನಗ್ತಾರೆ. ನೀವು ಮೂರು ವಾರದಿಂದ ಹೊಸದು ಹಾಕಿಲ್ಲ, ಅದಕ್ಕೇ ಹಳೇದು ತೆಗೆದೆ. ಇವತ್ತು ಆ ದರ್ಜಿ ಬಾಯಿದು.”

“ನಂಗೊಂದು ಮಾತು ಹೇಳ್ಬಾರದಿತ್ತಾ?”

“ಹೇಳಿದ್ರೆ ನಾಚ್ಕೊಂಡು ಶಾಲೆ ಪಾಠದ ಥರ ಬರೆಯೋಕೆ ಶುರು ಮಾಡ್ತೀರಿ ಅಂತ ಸುಮ್ನಿದ್ದೆ.”

ಮೂರನೆಯ ಪುಣ್ಯಾತ್ಮನೆಂದರೆ ಒಂದು ಬೆಂಚು ತುಂಬ ಜನ ಎಂದು ತಿಳಿದು ಅವನಿಗೆ ಖುಷಿಯಾಗಬೇಕಿತ್ತು. ಅಷ್ಟೂ ಜನರ ಭಾರ ಹೆಗಲಿಗೆ ಬಿದ್ದ ಹಾಗಾಯಿತು. ಸ್ಟೂಲು ಎಳೆದುಕೊಂಡು ಕೂತ.

ಆ ಬಾಯಿ ನೆನಪಿತ್ತು. ಎರಡು ವರ್ಷದ ಹಿಂದಿನದು. ಮೇಲಿನ ಮುಂಬಲ್ಲು ಎರಡೂ ಒಂದರ ಮೇಲೊಂದು ಕಾಲು ಹಾಕಿ ಕೂತಿದ್ದವು. ಬಲಗಡೆಯದರ ತುದಿಯಲ್ಲಿ ಸಾಸಿವೆ ಕೂರುವಷ್ಟು ಕಚ್ಚು. ನಲವತ್ತು ವರ್ಷ ದಾರ ಕಚ್ಚಿ ಹರಿದ ದರ್ಜಿ ಎಂದು ಧೈರ್ಯವಾಗಿ ಬರೆದಿದ್ದ.

“ಅದು ನಮ್ಮಮ್ಮ” ಎಂದರು ಹೆಂಗಸು. “ಇಲ್ಲೇ ಹಿಂದಿನ ಹಲ್ಲು ಕಟ್ಟಿಸಿದ್ದು. ಹೋದ ವರ್ಷ ತೀರ್ಕೊಂಡ್ರು. ದರ್ಜಿಯಂತೆ ದರ್ಜಿ! ಒಂದು ಗುಂಡಿ ಹಚ್ಚೋಕೆ ಬರ್ತಿರಲಿಲ್ಲ ಸಾರ್ ಅವರಿಗೆ.”

“ಮತ್ತೆ ಆ ಕಚ್ಚು?”

“ತಲೆಪಿನ್ನು! ನಾವು ಐದು ಜನ ಹೆಣ್ಣುಮಕ್ಕಳು. ಶಾಲೆಗೆ ಹೊರಡೋ ಹೊತ್ತಲ್ಲಿ ಸಾಲಾಗಿ ಕೂರಿಸಿ ಜಡೆ ಹಾಕೋರು. ಕೈ ತುಂಬ ಕೂದಲು, ಪಿನ್ನು ಹಲ್ಲಲ್ಲೇ ಬಿಡಿಸೋರು. ಕಚ್ಕೊಂಡೇ ಬೈಯೋರು ಬೇರೆ. ಏನು ಬೈತಿದಾರೆ ಅಂತ ಒಂದು ದಿನಾನೂ ತಿಳಿದಿಲ್ಲ, ಬೆನ್ನಿಗೆ ಗುದ್ದು ಬಿದ್ದಾಗಲೇ ಗೊತ್ತಾಗ್ತಿದ್ದಿದ್ದು.” ನಗಲು ಹೋಗಿ “ಅಮ್ಮಾ” ಎಂದು ಕೆನ್ನೆ ಒತ್ತಿಹಿಡಿದರು. ಆಮೇಲೆ ದನಿ ಇಳಿಸಿದರು. “ಆ ಅಚ್ಚು ಇದೆಯಾ? ಒಂದ್ಸಲ ಮುಟ್ಟಿ ನೋಡ್ಬೇಕಿತ್ತು.”

ಅವನು ಕಪಾಟಿನ ಕಡೆ ನೋಡಿದ. ಜಾಗ ಸಾಲದೆಂದು ವರ್ಷ ತುಂಬಿದ ಅಚ್ಚುಗಳನ್ನು ಸುತ್ತಿಗೆಯಲ್ಲಿ ಪುಡಿಮಾಡಿ ಚೀಲಕ್ಕೆ ತುಂಬುವುದು ವಾಡಿಕೆ.

“ಒಡೆದುಬಿಟ್ಟೆನಲ್ಲಮ್ಮ.”

“ಹಾಗಾದ್ರೆ ನೀವು ಬರೆದಿದ್ದಷ್ಟೇ ಉಳಿದಿರೋದು. ಅದೂ ತಪ್ಪು. ಅಕ್ಕಂದಿರಿಗೆ ಕಳಿಸ್ಬೇಕು ನಾನು, ತಿದ್ದಿಕೊಡಿ ಸಾರ್.”

ಒಳಗಿಂದ ಡಾಕ್ಟರು ಕರೆದರು, ಹೆಂಗಸು ಹೋದರು.

ಅವನು ಫೋನು ತೆಗೆದು ‘ಮುಂದುವರಿಸಿ’ ಒತ್ತಿದ. ಮೂಟೆ ಇಳಿಸಬೇಕೆಂದು ಬಾಗಿದವನ ಬೆನ್ನಿಗೆ ಯಾರೋ ಅದನ್ನೇ ಸರಿಯಾಗಿ ಕೂರಿಸಿಕೊಟ್ಟ ಹಾಗಿತ್ತು.

“ಹಾಗಾದ್ರೆ ಮುಂದಿನ ಸೋಮವಾರಕ್ಕೆ ಹೊಸದು?” ಚೀಟಿಯಕ್ಕನ ಮುಖ ಅರಳಿತು.

“ಇಲ್ಲ ತಾಯೀ. ವಾರ ವಾರ ನನ್ನ ಕೈಲಾಗಲ್ಲ, ಸುಸ್ತಾಗಿದೀನಿ. ಹಳೇದೇ ಓದು. ಯಾರಾದ್ರೂ ಜಗಳಕ್ಕೆ ಬಂದ್ರೆ ಕರಿ, ತಿದ್ತೀನಿ.”

“ಜಗಳಕ್ಕೆ ಬರೋರಿಗೇನು ಬರವಾ?” ಎಂದು ಅವಳು ಮೇಜಿಗೆ ಹೋದಳು.

‘ದರ್ಜಿ’ ಎಂಬುದನ್ನು ಅಳಿಸಿದ. ಪಿನ್ನು ಬಂತು, ಜಡೆ ಬಂತು, ಐದು ಹೆಣ್ಣುಮಕ್ಕಳು ಸಾಲಾಗಿ ಬಂದು ಕೂತರು. ಗುದ್ದು ಬೀಳುತ್ತಿದ್ದದ್ದು ಯಾರಿಗೆ ಹೆಚ್ಚು? ಊಹಿಸಿ ಬರೆಯಬಹುದಿತ್ತು, ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ. ಬೆರಳು ಓಡಲಿಲ್ಲ. ಅವರನ್ನೇ ಕೇಳೋಣವೆಂದು ಕೈಯಲ್ಲಿದ್ದ ಪ್ಲಾಸ್ಟರ್ ಪುಡಿ ಕೊಡವಿಕೊಂಡು ಎದ್ದ.

ಹೊರಗೆ ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಆ ಹೆಂಗಸು ಬಾಯಿ ತೆರೆದುಕೊಂಡು ಒಳಗಿದ್ದರು, ಇನ್ನೂ ಅರ್ಧ ಗಂಟೆಯಾದರೂ ಆದೀತು. ಅವನು ಕೂತು ಗೋಡೆಗೆ ತಲೆಯಾನಿಸಿದ. ಪಕ್ಕದ ಮುದುಕರೊಬ್ಬರು ಕನಿಕರದಿಂದ ಸರಿದು ಜಾಗ ಮಾಡಿಕೊಟ್ಟರು.

“ತುಂಬ ನೋವಾ? ಯಾವ ಹಲ್ಲು ನಿಮ್ಮದು?”

“ನಂದಲ್ಲ” ಎಂದ ಅವನು. “ಒಳಗಿದಾರಲ್ಲ, ಅವರಮ್ಮಂದು.”