ಮಧ್ಯಾಹ್ನದ ಹಿತ್ತಲು

ಊರೂರಲ್ಲಿ ಹೊಡೆದಾಟ, ಕೊಲೆಗಳಾದ ಗದ್ದಲದ ವರ್ಷ ಕಳೆದು ಎರಡನೆಯ ಬೇಸಿಗೆ. ಹಂಪಣ್ಣ ಮಾಸ್ತರರಿಗೆ ಮಸ್ಕಿಯಿಂದ ಮುದಗಲ್ಲಿಗೆ ವರ್ಗವಾಯಿತು. ಕೋಟೆಯೊಳಗೆ ಅಮೀನ್‌ಸಾಬರ ಹಳೇ ಮನೆಯಲ್ಲಿ ಮುಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಮಾಸ್ತರರ ಹೆಂಡತಿ ಶೇಖರಮ್ಮ ಒಪ್ಪಿದ್ದು ಹಿತ್ತಲನ್ನು ನೋಡಿ. ಅಲ್ಲಿ ಸೇದುವ ಬಾವಿ, ಬಟ್ಟೆ ಒಗೆಯಲು ಅಗಲವಾದ ಕಲ್ಲು, ಒಣಹಾಕಲು ಹಗ್ಗ ಎಲ್ಲವೂ ಇದ್ದವು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಕ್ಕೆ ಹೋಗುವುದು ತಪ್ಪಿತಲ್ಲ ಎಂದು ಅವಳಿಗೆ ಸಮಾಧಾನ.

ಒಂಟಿ ಮುದುಕ ಅಮೀನ್‌ಸಾಬರು ಒಂದೇ ಷರತ್ತು ಹಾಕಿದ್ದರು: ಮಧ್ಯಾಹ್ನ ಹಿತ್ತಲ ಬಾಗಿಲು ತೆಗೆಯಬಾರದು.

ಮೂರನೆಯ ದಿನ ಮಾಸ್ತರರು ಶಾಲೆಗೆ, ಸಾಬರು ಬಜಾರಕ್ಕೆ ಹೋಗಿದ್ದಾಗ ಹಿತ್ತಲಿಂದ ಬಟ್ಟೆ ಒಗೆಯುವ ಸದ್ದು ಕೇಳಿತು. ಶೇಖರಮ್ಮನ ಕೈಯಲ್ಲಿದ್ದ ರೊಟ್ಟಿ ಹಿಟ್ಟು ಹಾಗೇ ಉಳಿಯಿತು. ಬಾಗಿಲ ಸಂದಿಯಿಂದ ಇಣುಕುವಷ್ಟರಲ್ಲಿ ಯಾರೂ ಇರಲಿಲ್ಲ. ಕಲ್ಲು ಮಾತ್ರ ಒದ್ದೆಯಾಗಿತ್ತು. ದಿನ ಬಿಟ್ಟು ದಿನ ಇದೇ ಆಯಿತು. ಅಮೀನ್‌ಸಾಬರ ಮಗ ಉಸ್ಮಾನ್‌ಸಾಬ ಗದ್ದಲದಲ್ಲಿ ಕಾಣೆಯಾದ, ಸತ್ತಿರಬೇಕು ಎಂದು ನೆರೆಮನೆಯ ಪಂಪಮ್ಮ ಹೇಳಿದ ಮೇಲಂತೂ ಅದು ಅವನ ದೆವ್ವವೇ ಎಂದು ಅವಳು ನಂಬಿದಳು. ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು.

ಒಂದು ಮಧ್ಯಾಹ್ನ ಜೊಂಪು ಹತ್ತಿ ಎದ್ದಾಗ ಮಗ್ಗುಲಲ್ಲಿ ಕೂಸಿರಲಿಲ್ಲ. ಅಗುಳಿ ಹಾಕಲು ಮರೆತಿದ್ದ ಹಿತ್ತಲ ಬಾಗಿಲು ತೆರೆದಿತ್ತು. ಒಗೆಯುವ ಸದ್ದು ತಟ್ಟನೆ ನಿಂತಿತು. ಶೇಖರಮ್ಮ ಹೊರಗೆ ಓಡಿಬಂದಳು. ಬಾವಿಯ ಕಟ್ಟೆಯ ಮೇಲೆ, ಎದೆಮಟ ಗಡ್ಡದ, ಸುಣ್ಣದಂತೆ ಬಿಳಿಚಿದ ಗಂಡಸೊಬ್ಬ ಅವಳ ಕೂಸನ್ನು ಎತ್ತಿಕೊಂಡು ಕುಳಿತಿದ್ದ.

“ಅಂಜಬ್ಯಾಡ್ರಿ ಅಕ್ಕಾರ. ಕೂಸು ಬಾವಿ ಕಡೆ ಹೊಂಟಿತ್ತು, ಹಿಡಕೊಂಡೆ. ನಾ ಉಸ್ಮಾನ. ಏನೂ ಮಾಡಿಲ್ಲರೀ, ಯಾರೋ ದುಶ್ಮನಿ ಮ್ಯಾಲೆ ಗದ್ದಲದ ಕೇಸಿನ್ಯಾಗ ನನ್ನ ಹೆಸರು ಬರೆಸ್ಯಾರ.”

ಎರಡು ವರ್ಷದಿಂದ ಅವನು ಹಿಂದಿನ ಕಾಳಿನ ಕೋಣೆಯಲ್ಲಿದ್ದ. ಮಾಸ್ತರರ ಸಂಸಾರ ಇದ್ದರೆ ಪೊಲೀಸರಿಗೆ ಸಂಶಯ ಬಾರದು ಎಂದೇ ಅಮೀನ್‌ಸಾಬರು ಮನೆ ಬಾಡಿಗೆಗೆ ಕೊಟ್ಟಿದ್ದರು. ತಮ್ಮನ್ನು ಮರೆಯಾಗಿ ಬಳಸಿದರಲ್ಲ ಎಂದು ಶೇಖರಮ್ಮನಿಗೆ ಸಿಟ್ಟು ಬಂತು. ಕೂಸನ್ನು ಕಸಿದುಕೊಂಡು ಒಳಗೆ ಓಡಿದಳು. ಅಂದು ಗಂಡನಿಗೂ ಹೇಳಲಿಲ್ಲ.

ನಾಲ್ಕು ದಿನಕ್ಕೆ ಪೊಲೀಸ್ ಜಮಾದಾರ ಬಂದು ಸೀದಾ ಹಿತ್ತಲಿಗೆ ನಡೆದ. ಹಗ್ಗದ ಮೇಲೆ ಉದ್ದನೆಯ ಅಂಗಿಯೊಂದು ನೀರು ಸೋರುತ್ತಿತ್ತು. ಇದು ಯಾರದೆಂದು ಕೇಳಿದ.

“ನಮ್ಮನಿಯವರದರೀ,” ಎಂದಳು.

ಅವನು ಅಂಗಿಯನ್ನೂ ಅವಳನ್ನೂ ನೋಡಿದ. ಕಾಳಿನ ಕೋಣೆಗೆ ಅಂದು ಸಾಬರು ಹೊರಗಿನಿಂದ ಹಾಕಿದ್ದ ಬೀಗ ಎಳೆದು ನೋಡಿದ. ಆಮೇಲೆ ಬಾವಿಯ ನೀರು ಕೇಳಿ ಕುಡಿದು ಹೋದ.

ಕೇಸು ರದ್ದಾಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಅಷ್ಟು ದಿನವೂ ಬೀದಿಯಲ್ಲಿ ಬೂಟಿನ ಸದ್ದಾದರೆ ಶೇಖರಮ್ಮ ಕೂಸನ್ನು ಎದೆಗೆ ಅವಚಿಕೊಳ್ಳುತ್ತಿದ್ದಳು. ಉಸ್ಮಾನ್‌ಸಾಬ ಮುಂಬಾಗಿಲಿನಿಂದ ಹೊರಬಂದ ದಿನ ಬಿಸಿಲು ತಾಳಲಾರದೆ ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಅಮೀನ್‌ಸಾಬರು ತಮ್ಮ ಛತ್ರಿ ಬಿಚ್ಚಿ ಅವನ ತಲೆಯ ಮೇಲೆ ಹಿಡಿದರು.